ಪಾಸಾಗುವುದು ಕಾರೋ, ಮಾಲೀಕನೋ?

ತಮ್ಮ: ಅಕ್ಕ, ಬ್ರಿಟನ್ನಿಗೆ ಬಂದವರಿಗೆ ಮೊದಲ ದೊಡ್ಡ ಖರ್ಚು ಒಂದು ಸೆಕೆಂಡ್ ಹ್ಯಾಂಡ್ ಕಾರು. ಯಾವ ಮಾಡೆಲ್ ತೆಗೆದುಕೊಳ್ಳಬೇಕು ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. ಅದಕ್ಕಿಂತ, ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಯಾವ ಮಾಡೆಲ್ ಶೇಕಡಾ ಎಷ್ಟು ಪಾಸಾಗುತ್ತದೆ ಎನ್ನುವ ಪಟ್ಟಿಯನ್ನೇ ನೋಡಿ, ಮೇಲಿನ ಐದರಲ್ಲಿ ಒಂದನ್ನು ಆರಿಸಿಕೊಂಡರೆ ಮುಗಿಯಿತಲ್ಲ? ಲಕ್ಷಾಂತರ ಕಾರುಗಳ ಲೆಕ್ಕ ಅದು. ಮಾರುವವನ ಮಾತಿಗಿಂತ ಮೇಲು.

ಅಕ್ಕ: ಮಾರುವವನ ಮಾತಿಗಿಂತ ಮೇಲು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಶೇಕಡಾವಾರು ಯಾವ ಪ್ರಶ್ನೆಗೆ ಉತ್ತರ ಎನ್ನುವುದನ್ನು ಮೊದಲು ನೋಡು. ಎಂಒಟಿ ಶುರುವಾದದ್ದು 1960ರಲ್ಲಿ, ಹತ್ತು ವರ್ಷ ಮೀರಿದ ಗಾಡಿಗಳಿಗೆ ಮಾತ್ರ. ಬ್ರೇಕು, ದೀಪ, ಸ್ಟೀರಿಂಗ್ ಇಷ್ಟನ್ನೇ ನೋಡುತ್ತಿದ್ದರು. 1967ರಿಂದ ಮೂರು ವರ್ಷ ತುಂಬಿದ ಕಾರಿಗೆಲ್ಲ ಅದು ಕಡ್ಡಾಯವಾಯಿತು, ಕ್ರಮೇಣ ಟೈರು, ಸೀಟ್ ಬೆಲ್ಟು, ಹೊಗೆ, ತುಕ್ಕು ಎಲ್ಲ ಸೇರಿಕೊಂಡವು. ಆದರೆ ಅದರ ಉದ್ದೇಶ ಬದಲಾಗಲಿಲ್ಲ. ಈ ಗಾಡಿ ಇವತ್ತು ರಸ್ತೆಗೆ ಇಳಿದರೆ ಒಳಗೆ ಕೂತವರಿಗೆ, ಎದುರು ಬರುವವರಿಗೆ ಅಪಾಯವೇ? ಅಷ್ಟೇ ಅದರ ಪ್ರಶ್ನೆ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಎಷ್ಟು ಚೆನ್ನಾಗಿವೆ ಎಂದು ಅದು ನೋಡುವುದೇ ಇಲ್ಲ. ತಪಾಸಣೆ ಮಾಡುವವರು ಯಾವ ಭಾಗವನ್ನೂ ಬಿಚ್ಚುವ ಹಾಗಿಲ್ಲ. ಫೋರ್ಡ್ ಕಂಪನಿಯ 1.0 ಇಕೋಬೂಸ್ಟ್ ಎಂಜಿನ್ನನ್ನು ತೆಗೆದುಕೋ. ಅದರ ಅನೇಕ ವರ್ಷಗಳ ಆವೃತ್ತಿಯಲ್ಲಿ ಟೈಮಿಂಗ್ ಬೆಲ್ಟು ಎಂಜಿನ್ ಆಯಿಲಿನಲ್ಲೇ ನೆನೆದು ಓಡುತ್ತದೆ. ಆ ಬೆಲ್ಟು ಸವೆದು ಚೂರಾಗಿ ಆಯಿಲ್ ಹೋಗುವ ದಾರಿಗೆ ಅಡ್ಡವಾದರೆ ಎಂಜಿನ್ನೇ ಹೋಗುತ್ತದೆ, ರಿಪೇರಿ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೆ ಬರುತ್ತದೆ. ಹಾಗೆ ಆಗುವ ಹಿಂದಿನ ವಾರ ಆ ಕಾರು ಎಂಒಟಿಯಲ್ಲಿ ಒಂದೂ ಕೊರತೆಯಿಲ್ಲದೆ ಪಾಸಾಗಬಹುದು. ಅದು ತಪಾಸಣೆಯ ತಪ್ಪಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರ ತೆಗೆಯಲು ಹೊರಟರೆ ತಪ್ಪು ನಮ್ಮದು.

ತಮ್ಮ: ಎಂಜಿನ್ ಬಿಡಿ. ನೋಡುವ ಭಾಗಗಳಲ್ಲಾದರೂ, ಒಂದು ಮಾಡೆಲ್ ಹೆಚ್ಚು ಪಾಸಾಗುತ್ತದೆ ಅಂದರೆ ಅದರ ತಯಾರಿಕೆ ಗಟ್ಟಿ ಅಂತಲೇ ಅಲ್ಲವೇ?

ಅಕ್ಕ: ಫೇಲಾಗುವ ಕಾರುಗಳು ಯಾವ ಕಾರಣಕ್ಕೆ ಫೇಲಾಗುತ್ತವೆ ನೋಡು. ಮೊದಲ ಸಾಲಿನಲ್ಲಿ ಬರುವುದು ದೀಪಗಳು. ಆಮೇಲೆ ಸಸ್ಪೆನ್ಷನ್, ಬ್ರೇಕು, ಟೈರು. ಇವುಗಳಲ್ಲಿ ಸುಟ್ಟ ಬಲ್ಬು, ಸವೆದ ಟೈರು, ಹರಿದ ವೈಪರ್ ರಬ್ಬರು, ಖಾಲಿಯಾದ ಗಾಜು ತೊಳೆಯುವ ನೀರಿನ ಡಬ್ಬಿ, ಇವು ಯಾವುದೂ ಕಾರು ತಯಾರಿಸಿದವನ ಕೈಯಲ್ಲಿರುವ ವಿಷಯಗಳಲ್ಲ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಫೇಲು. ಅದು ಅಲ್ಲಿಗೆ ಇಳಿಯುವ ಮೊದಲೇ ಹೊಸ ಟೈರು ಹಾಕಿಸುವವನು ಒಬ್ಬ, ತಪಾಸಣೆಯಲ್ಲಿ ಹೇಳಿದ ಮೇಲೆ ನೋಡೋಣ ಎನ್ನುವವನು ಇನ್ನೊಬ್ಬ. ಮೊದಲನೆಯವನು ಯಾವ ಕಾರು ಕೊಂಡರೂ ಅದು ಪಾಸಾಗುತ್ತದೆ. ಕಾರನ್ನು ಪ್ರತಿವರ್ಷ ಕಂಪನಿ ಡೀಲರ ಹತ್ತಿರ ಸರ್ವಿಸಿಗೆ ಬಿಟ್ಟು, ಅಲ್ಲೇ ಎಲ್ಲ ಸರಿಮಾಡಿಸಿ, ಅದೇ ದಿನ ಎಂಒಟಿ ಮಾಡಿಸುವವರ ಕಾರು ಫೇಲಾಗುವುದಕ್ಕೆ ಅವಕಾಶವೇ ಕಡಿಮೆ. ಇಂಥ ಮಾಲೀಕರು ಎಲ್ಲ ಮಾಡೆಲ್‌ಗಳಿಗೂ ಸಮನಾಗಿ ಹಂಚಿಹೋಗಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನೂರಕ್ಕೆ ನೂರು ಪಾಸಾದ ಶಾಲೆಗಳ ಹೆಸರು ಪತ್ರಿಕೆಯಲ್ಲಿ ಬರುತ್ತದಲ್ಲ, ಅದರಲ್ಲಿ ಎಷ್ಟು ಪಾಲು ಮೇಷ್ಟರ ಪಾಠದ್ದು, ಎಷ್ಟು ಪಾಲು ಸೇರಿಸಿಕೊಳ್ಳುವಾಗಲೇ ಆರಿಸಿದ ಮಕ್ಕಳದ್ದು ಎಂದು ಆ ನೂರು ಹೇಳುವುದಿಲ್ಲ. ಇದೂ ಹಾಗೆಯೇ.

ಜರ್ಮನಿಯಲ್ಲಿ ತಪಾಸಣಾ ಸಂಸ್ಥೆಗಳು ಪ್ರತಿವರ್ಷ ಟ್ಯೂಫ್ ವರದಿ ಹೊರಡಿಸುತ್ತವೆ. ಅದರಲ್ಲಿ ಪೋರ್ಷ 911 ವರ್ಷವರ್ಷವೂ ಮೇಲಿನ ಸಾಲಿನಲ್ಲಿ ಕಾಣುತ್ತಿತ್ತು. ಅದು ಒಳ್ಳೆಯ ಕಾರೇ, ಇಲ್ಲ ಎನ್ನುತ್ತಿಲ್ಲ. ಆದರೆ ಅದನ್ನು ಕೊಳ್ಳುವವರು ಮನೆಯ ಗ್ಯಾರೇಜಿನೊಳಗೆ ಇಡುತ್ತಾರೆ, ವಾರಾಂತ್ಯಕ್ಕೆ ಹೊರಗೆ ತೆಗೆಯುತ್ತಾರೆ, ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ. ಅಗ್ಗದ ಡಾಸಿಯಾ ಲೋಗನ್ ಅದೇ ಪಟ್ಟಿಯಲ್ಲಿ ತಳದ ಹತ್ತಿರ ಇರುತ್ತಿತ್ತು. ಅದನ್ನು ಕೊಂಡವರು ದಿನಾ ದುಡಿಸುತ್ತಾರೆ, ರಿಪೇರಿಗೆ ಕೈ ಬಿಗಿಹಿಡಿಯುತ್ತಾರೆ. ಈ ಎರಡರ ನಡುವಿನ ಅಂತರದಲ್ಲಿ ಲೋಹದ ಪಾಲೆಷ್ಟು, ಆದಾಯದ ಪಾಲೆಷ್ಟು? ಪಟ್ಟಿಯೊಂದರಿಂದಲೇ ಬಿಡಿಸಲು ಬರುವುದಿಲ್ಲ. ಬಿಡಿಸುವುದಕ್ಕೆ ಒಂದು ದಾರಿ ಉಂಟು. ಟೊಯೋಟಾ ಐಗೋ, ಸಿಟ್ರೊಯೆನ್ ಸಿ1, ಪ್ಯೂಜೊ 107 ಎಂಬ ಮೂರು ಪುಟ್ಟ ಕಾರುಗಳು 2005ರಿಂದ ಚೆಕ್ ದೇಶದ ಕೊಲೀನ್ ಊರಿನ ಒಂದೇ ಕಾರ್ಖಾನೆಯಿಂದ ಹೊರಬಂದವು. ಮುಂಭಾಗದ ಮುಖ, ಬ್ಯಾಡ್ಜು ಬೇರೆ. ಒಳಗೆ ಬಹುಪಾಲು ಒಂದೇ. ಇವುಗಳ ಪಾಸ್ ಪ್ರಮಾಣದಲ್ಲಿ ಅಂತರ ಕಂಡರೆ ಅದಕ್ಕೆ ತಯಾರಿಕೆ ಕಾರಣವಾಗಲಾರದು. ಯಾರು ಕೊಂಡರು, ಎಲ್ಲಿ ಸರ್ವಿಸ್ ಮಾಡಿಸಿದರು, ಎಷ್ಟು ಓಡಿಸಿದರು ಎನ್ನುವುದರಲ್ಲೇ ಕಾರಣ ಹುಡುಕಬೇಕು. ಯಾವುದೇ ಪಟ್ಟಿ ಕೈಗೆ ಬಂದರೂ ಮೊದಲು ಇಂಥ ಜೋಡಿಗಳನ್ನು ಹುಡುಕು. ಅವುಗಳ ನಡುವೆ ಎಷ್ಟು ಅಂತರವಿದೆಯೋ, ಬೇರೆ ಕಾರುಗಳ ನಡುವಿನ ಅಷ್ಟು ಅಂತರವನ್ನು ನೀನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ತಮ್ಮ: ವಯಸ್ಸನ್ನೂ ಓಡಿದ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ತೊಂದರೆ ಅರ್ಧ ಕಳೆಯುತ್ತದೆ ಅಲ್ಲವೇ?

ಅಕ್ಕ: ಕಳೆಯುತ್ತದೆ, ಮತ್ತು ಹಾಗೆ ಮಾಡದ ಪಟ್ಟಿಯನ್ನು ಓದುವುದೇ ಬೇಡ. ಅಂಕಿಗಳನ್ನು ಸುಮ್ಮನೆ ಊಹಿಸಿಕೊಂಡು ಹೇಳುತ್ತೇನೆ, ಲೆಕ್ಕ ಹಾಕು. ಒಂದು ಮಾಡೆಲಿನ ಸಾವಿರ ಕಾರುಗಳಲ್ಲಿ 800 ಮೂರು ವರ್ಷದವು, 200 ಹತ್ತು ವರ್ಷದವು. ಮೂರು ವರ್ಷದವು ಶೇ. 88 ಪಾಸು, ಹತ್ತು ವರ್ಷದವು ಶೇ. 50. ಒಟ್ಟು 804 ಪಾಸು. ಇನ್ನೊಂದು ಮಾಡೆಲಿನ ಸಾವಿರದಲ್ಲಿ 200 ಮಾತ್ರ ಮೂರು ವರ್ಷದವು, 800 ಹತ್ತು ವರ್ಷದವು. ಮೂರು ವರ್ಷದವು ಶೇ. 92 ಪಾಸು, ಹತ್ತು ವರ್ಷದವು ಶೇ. 60. ಒಟ್ಟು 664. ಎರಡನೆಯದು ಎರಡು ವಯಸ್ಸಿನಲ್ಲೂ ಮೇಲು, ಆದರೆ ಒಟ್ಟು ಪಟ್ಟಿಯಲ್ಲಿ ಎಷ್ಟೋ ಕೆಳಗೆ. ಹಳೆಯ ಕಾರುಗಳನ್ನು ಜನ ಇನ್ನೂ ಓಡಿಸುತ್ತಿದ್ದಾರೆ ಎನ್ನುವ ಒಳ್ಳೆಯ ಗುಣವೇ ಅದಕ್ಕೆ ಮುಳುವಾಯಿತು. ಟ್ಯೂಫ್ ವರದಿ ಎರಡು ಮೂರು ವರ್ಷದವು, ನಾಲ್ಕು ಐದು ವರ್ಷದವು ಎಂದು ವಯಸ್ಸಿನ ಗುಂಪು ಮಾಡಿಯೇ ಹೋಲಿಸುತ್ತದೆ. ಸರಿಯಾದ ಕ್ರಮ ಅದು. ಬ್ರಿಟನ್ನಿನ ತಪಾಸಣೆಯನ್ನು ನೋಡಿಕೊಳ್ಳುವ ಡಿವಿಎಸ್‌ಎ ಪ್ರಕಟಿಸುವ ಮೂಲ ದತ್ತಾಂಶದಲ್ಲಿ ಪ್ರತಿ ತಪಾಸಣೆಯ ಮೀಟರ್ ರೀಡಿಂಗೂ ಇದೆ, ಆದ್ದರಿಂದ ಓಡಿದ ದೂರದ ಪ್ರಕಾರವೂ ಹೋಲಿಸಬಹುದು. ಬಾಡಿಗೆಗೆ ಓಡಿ ಓಡಿ ಸವೆದ ಲಂಡನ್ನಿನ ಟೊಯೋಟಾ ಪ್ರಿಯಸ್‌ಗಳನ್ನು ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್ಟಿಗೆ ಹೋಗಿಬರುವ ಕಾರುಗಳ ಪಕ್ಕ ನಿಲ್ಲಿಸಿದರೆ ಅನ್ಯಾಯ. ಹದಿನೈದು ವರ್ಷ ದಾಟಿದ ಗುಂಪಿನಲ್ಲಂತೂ ಇನ್ನೊಂದು ತೊಡಕು: ಕೆಟ್ಟವೆಲ್ಲ ಗುಜರಿಗೆ ಹೋಗಿ, ಗಟ್ಟಿಯಾಗಿ ಉಳಿದವೇ ತಪಾಸಣೆಗೆ ಬರುತ್ತವೆ. ಉಳಿದವುಗಳ ಫಲಿತಾಂಶ ನೋಡಿ ಹುಟ್ಟಿದವುಗಳ ಗುಣ ಹೇಳಲಾಗದು.

ಲೆಕ್ಕ ಇಡುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ಗ್ಯಾರೇಜಿನಲ್ಲಿ ಬಲ್ಬು ಸುಟ್ಟಿರುವುದು ಕಂಡು, ಅಲ್ಲೇ ಒಂದು ಗಂಟೆಯೊಳಗೆ ಬದಲಾಯಿಸಿ ಪಾಸು ಮಾಡಿದರೆ ಅದನ್ನು ಪಿಆರ್‌ಎಸ್ ಎಂದು ದಾಖಲಿಸುತ್ತಾರೆ. ಮೊದಲ ನೋಟದ ಲೆಕ್ಕದಲ್ಲಿ ಅದು ಫೇಲು, ಕೊನೆಯ ಲೆಕ್ಕದಲ್ಲಿ ಪಾಸು. ಇಲ್ಲಿ ಮೊದಲ ನೋಟಕ್ಕೆ ಹತ್ತರಲ್ಲಿ ಸುಮಾರು ಮೂರು ಕಾರು ಫೇಲಾಗುತ್ತವೆ. ಯಾವ ಲೆಕ್ಕ ಹಿಡಿದಿದ್ದಾರೆ ಎಂದು ಹೇಳದ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ದಾರಿ ತಪ್ಪುತ್ತೇವೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಆರು ತಿಂಗಳ ವಿನಾಯಿತಿ ಕೊಟ್ಟಿದ್ದರಿಂದ ಆ ವರ್ಷ ಎಷ್ಟೋ ಕಾರುಗಳು ತಡವಾಗಿ ತಪಾಸಣೆಗೆ ಬಂದವು. ಆ ವರ್ಷದ ಅಂಕಿಯನ್ನೂ ಹಿಂದುಮುಂದಿನ ವರ್ಷಗಳ ಜೊತೆ ನೇರವಾಗಿ ಹೋಲಿಸುವಂತಿಲ್ಲ.

ತಮ್ಮ: ಇನ್ನೂ ಒಂದು ಸಂಶಯ. ಇಲ್ಲಿ ತಪಾಸಣೆ ಮಾಡುವುದೂ ಖಾಸಗಿ ಗ್ಯಾರೇಜು, ರಿಪೇರಿ ಮಾಡುವುದೂ ಅದೇ ಗ್ಯಾರೇಜು. ಫೇಲು ಮಾಡಿದರೆ ಅವರಿಗೇ ಕೆಲಸ. ಹೀಗಿದ್ದ ಮೇಲೆ ಆ ಅಂಕಿಗೆ ಬೆಲೆ ಏನು?

ಅಕ್ಕ: ಪ್ರಶ್ನೆ ಸರಿಯಾಗಿದೆ. ಉತ್ತರ ಐರ್ಲೆಂಡಿನಲ್ಲಿ ಇದನ್ನು ಸರ್ಕಾರಿ ಕೇಂದ್ರಗಳೇ ಮಾಡುತ್ತವೆ, ರಿಪೇರಿಗೂ ಅವಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನ ಉಳಿದ ಭಾಗದಲ್ಲಿ ಡಿವಿಎಸ್‌ಎಯವರು ಆಗತಾನೇ ತಪಾಸಣೆ ಮುಗಿಸಿದ ಕಾರುಗಳಲ್ಲಿ ಕೆಲವನ್ನು ಆರಿಸಿ ತಾವೇ ಮತ್ತೆ ನೋಡುವ ಸಮೀಕ್ಷೆ ನಡೆಸುತ್ತಾರೆ. ಎರಡು ನೋಟಗಳು ಎಲ್ಲ ಕಡೆ ತಾಳೆಯಾಗುವುದಿಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ. ಗಮನಿಸಬೇಕಾದ್ದೇನೆಂದರೆ, ಆ ತಪ್ಪುಗಳು ಎರಡೂ ಕಡೆಗೆ ಆಗುತ್ತವೆ. ಫೇಲಾಗಬೇಕಾದ್ದನ್ನು ಪಾಸು ಮಾಡುವುದೂ ಇದೆ, ಪಾಸಾಗಬೇಕಾದ್ದನ್ನು ಫೇಲು ಮಾಡುವುದೂ ಇದೆ. ಒಂದೊಂದು ಕಾರಿನ ಮಟ್ಟಿಗೆ ಇದು ದೊಡ್ಡ ವಿಷಯ. ಮಾಡೆಲಿನ ಸರಾಸರಿಯ ಮಟ್ಟಿಗೆ, ಸಾವಿರಾರು ಗ್ಯಾರೇಜುಗಳ ಏರುಪೇರು ಎಲ್ಲ ಮಾಡೆಲ್‌ಗಳಿಗೂ ಹೆಚ್ಚುಕಡಿಮೆ ಒಂದೇ ತೆರನಾಗಿ ಹಂಚಿಹೋಗುತ್ತದೆ. ಹಾಗಾಗಿ ನನ್ನ ಆಕ್ಷೇಪಣೆ ತಪಾಸಕರ ಮೇಲಲ್ಲ. ಅಂಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಂಕಿ ನಿಜ, ಅದು ಕಾರು, ಮಾಲೀಕ, ರಸ್ತೆ ಮೂರನ್ನೂ ಒಟ್ಟಿಗೆ ಅಳೆದ ಅಂಕಿ. ಅದನ್ನು ಕಾರಿನದ್ದೊಂದೇ ಎಂದು ತಿಳಿಯಬಾರದು ಅಷ್ಟೇ.

ತಮ್ಮ: ಹಾಗಾದರೆ ಎಲ್ಲ ಮಾಡೆಲೂ ಒಂದೇ, ಎಲ್ಲ ಮಾಲೀಕನ ಮೇಲೆ ಹೋಯಿತು ಅಂತ ಆಯಿತಲ್ಲ? ಅದನ್ನು ನಂಬುವುದಕ್ಕೆ ನನಗೆ ಆಗುತ್ತಿಲ್ಲ.

ಅಕ್ಕ: ನಂಬಬೇಡ, ಅದು ನಿಜವಲ್ಲ. ಕಾರು ತಾನಾಗಿ ಮಾತಾಡುವ ಜಾಗಗಳಿವೆ, ಆದರೆ ಪಾಸ್ ಶೇಕಡಾವಾರಿನಲ್ಲಿ ಅವು ಕೇಳಿಸುವುದಿಲ್ಲ. ಯಾವ ಭಾಗ ಪದೇಪದೇ ಫೇಲಾಗುತ್ತದೆ ಎನ್ನುವುದರಲ್ಲಿ ಕೇಳಿಸುತ್ತವೆ. ಟೆಸ್ಲಾ ಮಾಡೆಲ್ 3 ನೋಡು. ಜರ್ಮನಿಯ 2024ರ ಟ್ಯೂಫ್ ವರದಿಯಲ್ಲಿ ಎರಡು ಮೂರು ವರ್ಷದ ಕಾರುಗಳ ಗುಂಪಿನಲ್ಲಿ ಅದಕ್ಕೆ ಕೊನೆಯ ಸ್ಥಾನ, ಶೇ. 14.7ರಷ್ಟು ಕಾರುಗಳಲ್ಲಿ ಗಂಭೀರ ಕೊರತೆ. 2025ರಲ್ಲೂ ಕೊನೆಯ ಸ್ಥಾನವೇ. ಅಗ್ಗದ ಕಾರಲ್ಲ, ಮಾಲೀಕರು ಬಡವರೂ ಅಲ್ಲ. ಬಲ್ಬಿಗೆ ದುಡ್ಡಿಲ್ಲದೆ ಫೇಲಾಯಿತು ಎನ್ನಲಾಗದು. ಕೊರತೆಗಳು ಎಲ್ಲಿದ್ದವು ಎಂದರೆ ಸಸ್ಪೆನ್ಷನ್ನಿನ ಜೋಡಣೆಗಳಲ್ಲಿ, ಬ್ರೇಕ್ ಡಿಸ್ಕುಗಳಲ್ಲಿ, ದೀಪಗಳಲ್ಲಿ. ಡಿಸ್ಕಿನ ಕಾರಣ ಅರ್ಥವಾಗುವಂಥದ್ದು: ಎಲೆಕ್ಟ್ರಿಕ್ ಕಾರು ವೇಗ ತಗ್ಗಿಸುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಬ್ಯಾಟರಿ ತುಂಬಿಸುತ್ತದೆ, ಬ್ರೇಕ್ ಪ್ಯಾಡು ಡಿಸ್ಕನ್ನು ಮುಟ್ಟುವುದೇ ಅಪರೂಪ, ಮುಟ್ಟದ ಡಿಸ್ಕು ತುಕ್ಕು ಹಿಡಿಯುತ್ತದೆ. ಆದರೆ ಇದು ಎಲ್ಲ ಎಲೆಕ್ಟ್ರಿಕ್ ಕಾರುಗಳಿಗೂ ಅನ್ವಯಿಸುವ ಮಾತು, ಬೇರೆಯವು ಅಷ್ಟು ಕೆಳಗೆ ಹೋಗಲಿಲ್ಲ. ಇನ್ನೊಂದು ಕಾರಣವೆಂದರೆ, ಬೇರೆ ಕಂಪನಿಗಳಂತೆ ಟೆಸ್ಲಾ ವರ್ಷಕ್ಕೊಮ್ಮೆ ಸರ್ವಿಸಿಗೆ ತನ್ನಿ ಎಂದು ಕಟ್ಟುಪಾಡು ಇಟ್ಟಿಲ್ಲ. ಹಾಗಾಗಿ ತಪಾಸಣೆಗೆ ಬರುವ ಮೊದಲು ಎಷ್ಟೋ ಕಾರುಗಳ ಕೆಳಭಾಗವನ್ನು ಯಾರೂ ನೋಡಿರುವುದಿಲ್ಲ. ಅಂದರೆ ಇಲ್ಲೂ ಕಾರಿನ ದೋಷ, ಪಾಲನೆಯ ದೋಷ ಎರಡೂ ಹೆಣೆದುಕೊಂಡಿವೆ. ಆದರೆ ಕಡಿಮೆ ವಯಸ್ಸಿನಲ್ಲೇ ಸಸ್ಪೆನ್ಷನ್ ಜೋಡಣೆ ಸಡಿಲವಾಗುತ್ತದೆ ಎನ್ನುವುದು ನಿನಗೆ ಕೆಲಸಕ್ಕೆ ಬರುವ ಮಾತು. ಕೊಳ್ಳುವ ಮೊದಲು ಎಲ್ಲಿ ಟಾರ್ಚು ಹಿಡಿಯಬೇಕು ಎಂದು ಅದು ಹೇಳುತ್ತದೆ. ಬರೀ ಶೇ. 14.7 ಎಂದರೆ ಅದು ಗೊತ್ತಾಗುವುದಿಲ್ಲ.

ತುಕ್ಕಿನ ಮಾತೂ ಇಂಥದ್ದೇ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಉಪ್ಪು ಎರಚುತ್ತಾರೆ, ಅದು ಕಾರಿನ ಅಡಿಗೆ ಅಂಟಿಕೊಳ್ಳುತ್ತದೆ. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟು ಇವು ಬಾಡಿಗೆ ಕೂಡುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ದುರ್ಬಲವಾಗುವಷ್ಟು ತುಕ್ಕು ಹಿಡಿದಿದ್ದರೆ ಫೇಲು. ಒಂದು ಮಾಡೆಲಿನಲ್ಲಿ ಅದೇ ಮೂಲೆಯಲ್ಲಿ, ಬೇರೆ ಬೇರೆ ಊರಿನ, ಬೇರೆ ಬೇರೆ ಮಾಲೀಕರ ಕಾರುಗಳಲ್ಲಿ ತುಕ್ಕು ಕಂಡರೆ ಅದು ವಿನ್ಯಾಸದ ದೋಷ, ಅನುಮಾನವೇ ಬೇಡ. ಬಲ್ಬು ಬದಲಿಸುವುದಕ್ಕೆ ಮಾಲೀಕನ ಶಿಸ್ತು ಸಾಕು. ಬಾಡಿಯ ಒಳಮೂಲೆಯಲ್ಲಿ ನೀರು ನಿಲ್ಲುವುದನ್ನು ಯಾವ ಶಿಸ್ತೂ ತಡೆಯದು.

ತಮ್ಮ: ಸರಿ, ಮಾಡೆಲ್ ಆರಿಸಿದೆ ಅಂದುಕೊಳ್ಳಿ. ಮುಂದೆ?

ಅಕ್ಕ: ಮುಂದೆ ಮಾಡೆಲನ್ನು ಬಿಟ್ಟು ಆ ಒಂದು ಕಾರನ್ನು ಹಿಡಿ. ನಂಬರ್ ಪ್ಲೇಟಿನ ನಂಬರು ಕೊಟ್ಟರೆ ಸಾಕು, 2005ರಿಂದ ಈಚೆಗೆ ಅದು ಎದುರಿಸಿದ ಒಂದೊಂದು ತಪಾಸಣೆಯ ಫಲಿತಾಂಶವನ್ನೂ ಸರ್ಕಾರ ಯಾರಿಗೆ ಬೇಕಾದರೂ ಉಚಿತವಾಗಿ ತೋರಿಸುತ್ತದೆ. ಪಾಸೋ ಫೇಲೋ, ಯಾವ ಕೊರತೆಗೆ ಫೇಲು, ಅಂದಿನ ಮೀಟರ್ ರೀಡಿಂಗ್ ಎಷ್ಟು, ಫೇಲು ಮಾಡುವಷ್ಟಲ್ಲದಿದ್ದರೂ ಗಮನಿಸಿ ಎಂದು ತಪಾಸಕರು ಬರೆದ ಸೂಚನೆಗಳು, ಎಲ್ಲ ಇರುತ್ತವೆ. ಆ ಸೂಚನೆಗಳಿಗೆ ಇಲ್ಲಿ ಅಡ್ವೈಸರಿ ಎನ್ನುತ್ತಾರೆ. ಹತ್ತು ವರ್ಷದ ಕಾರಿಗೆ ಏಳೆಂಟು ತಪಾಸಣೆ ಆಗಿರುತ್ತದೆ. ಹಿಂದಿನ ವರ್ಷಕ್ಕಿಂತ ಮೀಟರ್ ಕಡಿಮೆ ತೋರಿಸಿದರೆ ಯಾರೋ ತಿರುಗಿಸಿರಬಹುದು, ಮುಂದೆ ನೋಡುವುದೇ ಬೇಡ. ಒಂದೇ ಬದಿಯ ಮುಂದಿನ ಟೈರು ಒಳ ಅಂಚಿನಲ್ಲಿ ಸವೆದಿದೆ ಎಂದು ಮೂರು ವರ್ಷ ಸತತವಾಗಿ ಬರೆದಿದ್ದರೆ, ಮಾಲೀಕ ಟೈರು ಬದಲಿಸಿದ್ದಾನೆ, ಅದಕ್ಕೆ ಕಾರಣವಾದ ಅಲೈನ್‌ಮೆಂಟನ್ನೋ ಸವೆದ ಬುಷ್ಷನ್ನೋ ಮುಟ್ಟಿಲ್ಲ. ಬ್ರೇಕ್ ಪೈಪಿನಲ್ಲಿ ಸ್ವಲ್ಪ ತುಕ್ಕು ಎಂದು ಒಂದು ವರ್ಷ, ಮತ್ತೆ ಅದೇ ಮಾತು ಮರುವರ್ಷ, ಮೂರನೆಯ ವರ್ಷ ಫೇಲು ಎಂದಿದ್ದರೆ, ಹೇಳಿದ ಮೇಲೂ ಕೈ ಹಚ್ಚದ ಮನೆಯಲ್ಲಿ ಆ ಕಾರು ಇತ್ತು. ಮಾಲೀಕ ಎಂಥವನು ಎಂದು ಮಾಡೆಲಿನ ಸರಾಸರಿಯಿಂದ ಊಹಿಸಬೇಕಿತ್ತಲ್ಲ, ಇಲ್ಲಿ ಅವನು ತಾನೇ ಬರೆದಿಟ್ಟು ಹೋಗಿದ್ದಾನೆ.

ತಮ್ಮ: ಆದರೆ ಎರಡು ಸಲ ಫೇಲಾದ ಕಾರನ್ನು ಯಾರು ತೆಗೆದುಕೊಳ್ಳುತ್ತಾರೆ ಅಕ್ಕ? ಎಂದೂ ಫೇಲಾಗದ್ದೇ ಒಳ್ಳೆಯದಲ್ಲವೇ?

ಅಕ್ಕ: ಅವಸರದಲ್ಲಿ ಹೌದೆನ್ನಿಸುತ್ತದೆ. ಪಾಸು ಫೇಲು ಎನ್ನುವುದು ಒಂದು ಗೆರೆ. ಟೈರಿನ ಗೀರು 1.7 ಮಿಲಿಮೀಟರ್ ಇದ್ದರೆ ಪಾಸು, 1.5 ಇದ್ದರೆ ಫೇಲು; ಓಡಿಸುವವನಿಗೆ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲ. ಗೆರೆಯ ಮೇಲ್ಭಾಗದಲ್ಲಿ ಅಂಟಿಕೊಂಡೇ ಐದು ವರ್ಷ ತೆವಳಿದ, ಪ್ರತಿ ಸಲವೂ ಆರೇಳು ಅಡ್ವೈಸರಿ ಹೊತ್ತು ಬಂದ ಕಾರು ಒಂದು ಕಡೆ. ಸ್ಪ್ರಿಂಗು ಮುರಿದು ಒಮ್ಮೆ ಫೇಲಾಗಿ, ವಾರದೊಳಗೆ ಹೊಸ ಸ್ಪ್ರಿಂಗು ಹಾಕಿಸಿಕೊಂಡು, ಮರುವರ್ಷ ಒಂದೂ ಸೂಚನೆಯಿಲ್ಲದೆ ಪಾಸಾದ ಕಾರು ಇನ್ನೊಂದು ಕಡೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಇಲ್ಲಿಯ ಗುಂಡಿಬಿದ್ದ ರಸ್ತೆಯಲ್ಲಿ ಸ್ಪ್ರಿಂಗು ಮುರಿಯುವುದು ಯಾರ ಅಪರಾಧವೂ ಅಲ್ಲ. 2018ರ ಮೇ ತಿಂಗಳಿನಿಂದ ಕೊರತೆಗಳನ್ನು ಅಪಾಯಕಾರಿ, ಗಂಭೀರ, ಸಣ್ಣದು ಎಂದು ವಿಂಗಡಿಸಿ ಬರೆಯುತ್ತಿರುವುದು ಈ ಓದಿಗೆ ಇನ್ನಷ್ಟು ಅನುಕೂಲ.

ತಮ್ಮ: ಇದೆಲ್ಲ ಇಲ್ಲಿ ಹೇಗೆ ಬಯಲಾಯಿತು? ಕಾರು ಕಂಪನಿಗಳು ಸುಮ್ಮನಿದ್ದವೇ?

ಅಕ್ಕ: ಮಾಡೆಲ್ ಪ್ರಕಾರದ ಅಂಕಿಗಳನ್ನು ಮೊದಲು ಕೊಟ್ಟಿರಲಿಲ್ಲ. ಬಿಬಿಸಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಆಗ ತಪಾಸಣೆಯ ಹೊಣೆ ಹೊತ್ತಿದ್ದ ವೋಸಾ ಸಂಸ್ಥೆ ಕಂಪನಿಗಳ ವ್ಯಾಪಾರಕ್ಕೆ ಧಕ್ಕೆಯಾಗುತ್ತದೆ ಎಂಬ ಕಾರಣ ಕೊಟ್ಟು ನಿರಾಕರಿಸಿತು. ಮಾಹಿತಿ ಆಯುಕ್ತರು ಆ ವಾದ ಒಪ್ಪಲಿಲ್ಲ, 2010ರಲ್ಲಿ ಅಂಕಿಗಳು ಹೊರಬಂದವು. ಅಂಕಿಯನ್ನು ತಪ್ಪಾಗಿ ಓದುವವರಿದ್ದಾರೆ ಎನ್ನುವುದು ಅದನ್ನು ಮುಚ್ಚಿಡುವುದಕ್ಕೆ ಕಾರಣವಾಗಬಾರದು. ನಾನು ಇಷ್ಟು ಹೊತ್ತು ಎತ್ತಿದ ಆಕ್ಷೇಪಣೆಗಳನ್ನೆಲ್ಲ ಪರೀಕ್ಷಿಸಲು ಬೇಕಾದ ವಯಸ್ಸು, ದೂರ, ಕೊರತೆಯ ವಿವರ ಅದೇ ದತ್ತಾಂಶದಲ್ಲಿವೆ. ನಮ್ಮ ಕರ್ನಾಟಕದಲ್ಲಿ ಕಾರು ಕೊಳ್ಳುವವನಿಗೆ ಈ ಅನುಕೂಲ ಒಂದೂ ಇಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಎಮಿಷನ್ ಟೆಸ್ಟ್ ಬಿಟ್ಟರೆ ಬ್ರೇಕನ್ನೂ ಸಸ್ಪೆನ್ಷನ್ನನ್ನೂ ಯಾರೂ ಕಡ್ಡಾಯವಾಗಿ ನೋಡುವುದಿಲ್ಲ. ಮೀಟರ್ ತಿರುಗಿಸಿದರೆ ಹಿಡಿಯುವುದಕ್ಕೆ ವರ್ಷವರ್ಷದ ದಾಖಲೆಯೇ ಇಲ್ಲ. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ಯಂತ್ರವೇ ಅಳೆಯುವ ಆ ಕೇಂದ್ರಗಳ ಫಲಿತಾಂಶ, ಕೊರತೆಯ ವಿವರ ಮತ್ತು ಮೀಟರ್ ರೀಡಿಂಗ್ ಸಮೇತ ಕೊಳ್ಳುವವನ ಕಣ್ಣಿಗೂ ಬೀಳಬೇಕು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ಐದಾರು ಲಕ್ಷ ಸುರಿಯುವ ಸಂಸಾರಕ್ಕೆ ಇದು ಸಣ್ಣ ವಿಷಯವಲ್ಲ.

ತಮ್ಮ: ಮೂರು ವರ್ಷ ತುಂಬದ ಕಾರು ನೋಡಿದರೆ? ಅದಕ್ಕೆ ಒಂದು ಎಂಒಟಿಯೂ ಆಗಿರುವುದಿಲ್ಲವಲ್ಲ.

ಅಕ್ಕ: ಆಗ ಮಾತ್ರ ಮಾಡೆಲಿನ ಅಂಕಿಗೆ ಪೂರ್ತಿ ಬೆಲೆ ಕೊಡು, ಏಕೆಂದರೆ ಬೇರೆ ಸಾಕ್ಷಿ ಇಲ್ಲ. ಆ ಮಾಡೆಲಿನ ಕಾರುಗಳು ಮೊದಲ ತಪಾಸಣೆಯಲ್ಲಿ ಯಾವ ಭಾಗಕ್ಕೆ ಫೇಲಾಗಿವೆ ನೋಡು, ಅದೇ ಭಾಗವನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡು. ಸರ್ವಿಸ್ ದಾಖಲೆ ಕೇಳು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಅದೊಂದೇ ಸಾಕ್ಷಿ, ಎಂಒಟಿ ಅಲ್ಲಿಗೆ ಇಳಿಯುವುದಿಲ್ಲ. ನಾಲ್ಕನೆಯ ವರ್ಷಕ್ಕೆ ಒಂದು ತಪಾಸಣೆ ಕೈಗೆ ಸಿಗುತ್ತದೆ, ಆರನೆಯ ವರ್ಷಕ್ಕೆ ಮೂರು. ಒಂದೊಂದು ಸೇರಿದಂತೆ ಮಾಡೆಲಿನ ಅಂಕಿಯ ತೂಕವನ್ನು ಅಷ್ಟಷ್ಟು ಇಳಿಸುತ್ತಾ ಹೋಗು. ಮೊದಲ ಎಂಒಟಿಯನ್ನು ನಾಲ್ಕನೆಯ ವರ್ಷಕ್ಕೆ ತಳ್ಳಬೇಕೆಂಬ ಪ್ರಸ್ತಾಪವೂ ಇಲ್ಲಿ ಬಂದಿತ್ತು. 2024ರ ಜನವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ತಳ್ಳಿದ್ದರೆ, ಮೂರು ವರ್ಷಕ್ಕೆ ಕಂಪನಿ ಗುತ್ತಿಗೆ ಮುಗಿದು ಮಾರಾಟಕ್ಕೆ ಬರುವ ಕಾರುಗಳ ಸಾಲಿನಲ್ಲಿ, ಯಾರೂ ಕೆಳಗಿನಿಂದ ನೋಡದ ಕಾರುಗಳು ಇನ್ನೂ ಒಂದು ವರ್ಷ ಹಾಗೆಯೇ ಕೈಬದಲಾಗುತ್ತಿದ್ದವು.